ಆಮ್ಲಜನಕದ ಬಾಕಿ

ಬೆಂಗಳೂರಿನ ಕೆರೆಗಳು ಕೆಟ್ಟದ್ದು ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಊರು ಯಾರೂ ಎಣಿಸದಷ್ಟು ಬೇಗ ಬೆಳೆಯಿತು ಎನ್ನುವುದು ಒಂದು. ಕೊಳಚೆ ಶುದ್ಧಮಾಡುವ ವಿದ್ಯೆ ನಮ್ಮ ಕಡೆಗೆ ತಡವಾಗಿ ಬಂತು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಒಂದಿಷ್ಟು ನಿಜವಿದೆ, ಎರಡನೆಯದರಲ್ಲಿ ಇಲ್ಲ. ಕೊಳಚೆಗೆ ಗಾಳಿಯೂಡಿ, ಅದರಲ್ಲಿ ಆಮ್ಲಜನಕ ಕರಗಿಸಿ, ಕೆಲವೇ ಗಂಟೆಗಳಲ್ಲಿ ತಿಳಿನೀರು ಮಾಡುವ ವಿಧಾನ ಜಗತ್ತಿನ ಮುಂದೆ ಬಂದದ್ದು 1914ರಲ್ಲಿ. ಆ ವಿಧಾನದ ಬೀಜ ಬಿತ್ತಿದ ರಸಾಯನಶಾಸ್ತ್ರಜ್ಞ ಬೆಂಗಳೂರಿಗೆ ಬಂದು ಪ್ರಾಧ್ಯಾಪಕರಾದದ್ದು 1916ರಲ್ಲಿ. ನಡುವೆ ಇದ್ದದ್ದು ಎರಡು ವರ್ಷ. ಜಗತ್ತಿನ ಎಷ್ಟೋ ದೊಡ್ಡ ನಗರಗಳಿಗಿಂತ ಮೊದಲು ಈ ವಿದ್ಯೆ ನಮ್ಮ ಮನೆಬಾಗಿಲಿಗೆ ಬಂದಿತ್ತು. ಆದ್ದರಿಂದ ಇಲ್ಲಿ ಕೇಳಬೇಕಾದದ್ದು ವಿದ್ಯೆ ಎಲ್ಲಿತ್ತು ಎಂದಲ್ಲ, ಗೊತ್ತಿದ್ದೂ ಅದರ ಖರ್ಚನ್ನು ಊರು ಯಾರ ತಲೆಗೆ ಕಟ್ಟಿತು ಎಂದು.

ಆ ಖರ್ಚು ಎಂಥದ್ದು ಎಂದು ತಿಳಿಯಲು ನೀರಿನ ಒಂದು ಸ್ವಭಾವವನ್ನು ನೋಡಬೇಕು. ಆಮ್ಲಜನಕ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, 25 ಡಿಗ್ರಿ ಬಿಸಿಯಿರುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇದ್ದರೆ, ಅದೇ ಗಾಳಿಗೆ ತೆರೆದುಕೊಂಡ ಒಂದು ಲೀಟರ್ ಶುದ್ಧ ನೀರು ಹಿಡಿದಿಟ್ಟುಕೊಳ್ಳುವುದು ಏಳೂವರೆ ಮಿಲಿಗ್ರಾಂಗಿಂತ ಹೆಚ್ಚಿಲ್ಲ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುತ್ತದೆ. ಮೀನು ಬದುಕಿ ಮರಿ ಮಾಡಲು ನಾಲ್ಕು ಮಿಲಿಗ್ರಾಂ ಆದರೂ ಇರಬೇಕು. ಇನ್ನು ನಮ್ಮ ಮನೆಗಳಿಂದ ಹೊರಬೀಳುವ ಒಂದು ಲೀಟರ್ ಕೊಳಚೆಯನ್ನು ಕೊಳೆಸಿ ಮುಗಿಸಲು ಸೂಕ್ಷ್ಮಜೀವಿಗಳಿಗೆ 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬೇಕು. ಅಂದರೆ ಒಂದು ಕೊಡ ಕೊಳಚೆ ಕೆರೆಗೆ ಬಿದ್ದರೆ ಮೂವತ್ತು ಕೊಡ ಒಳ್ಳೆಯ ನೀರಿನ ಉಸಿರನ್ನು ಪೂರ್ತಿ ಬಸಿದುಕೊಳ್ಳುತ್ತದೆ. ಮೇಲಿನ ಗಾಳಿಯಿಂದ ಹೊಸ ಆಮ್ಲಜನಕ ಇಳಿಯುವುದೇನೋ ಹೌದು, ಆದರೆ ನಿಂತ ನೀರಿಗೆ ಅದು ಇಳಿಯುವುದು ಬಹಳ ನಿಧಾನ. ಬಾಕಿ ತೀರುವ ಮೊದಲೇ ಹೊಸ ಕೊಳಚೆ ಬರುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸೊನ್ನೆಗೆ ಬರುತ್ತದೆ. ಆಗ ಗಾಳಿಯಿಲ್ಲದೆ ಬದುಕುವ ಬೇರೆ ಜೀವಿಗಳು ಕೆಲಸ ಶುರುಮಾಡುತ್ತವೆ. ಅವುಗಳಿಂದ ಹೊರಡುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮತ್ತು ಬೆಂಕಿಗೆ ಹತ್ತುವ ಮೀಥೇನ್.

ಈ ಲೆಕ್ಕ ಯೂರೋಪಿನವರಿಗೂ ಸುಲಭವಾಗಿ ಹೊಳೆಯಲಿಲ್ಲ. ಹರಿಯುವ ನದಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಲವಾಗಿತ್ತು. 1868ರಲ್ಲಿ ನೇಮಕವಾದ ನದಿ ಮಾಲಿನ್ಯ ಆಯೋಗದಲ್ಲಿದ್ದ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಅದನ್ನು ಪ್ರಯೋಗಕ್ಕೆ ಒಡ್ಡಿ, ಬಿದ್ದ ಕೊಳಚೆಯನ್ನು ಗಾಳಿಯಿಂದಲೇ ಮುಗಿಸುವಷ್ಟು ಉದ್ದದ ನದಿ ಬ್ರಿಟನ್ನಿನಲ್ಲಿ ಒಂದೂ ಇಲ್ಲ ಎಂದು ತೀರ್ಮಾನಿಸಿದರು. ಆದರೂ ಈ ಕ್ರಿಯೆಯನ್ನು ಬರೀ ರಾಸಾಯನಿಕ ದಹನ ಎಂದೇ ಬಹಳ ಜನ ತಿಳಿದಿದ್ದರು. ಕೊಳಕು ಪದಾರ್ಥಕ್ಕೆ ಆಮ್ಲಜನಕ ತಾಗಿದರೆ ಸಾಕು, ಅದು ಸುಟ್ಟುಹೋಗುತ್ತದೆ ಎನ್ನುವುದು ಆ ಕಾಲದ ತಿಳಿವಳಿಕೆ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳಿನ ಮೂಲಕ ಕೊಳಚೆ ಬಸಿದು, ಅಮೋನಿಯ ನೈಟ್ರೇಟ್ ಆಗುವುದು ಸೂಕ್ಷ್ಮಜೀವಿಗಳಿಂದ ಎಂದು ತೋರಿಸಿದರು. ಕ್ಲೋರೋಫಾರ್ಮಿನ ಆವಿ ಬಿಟ್ಟಾಗ ಕ್ರಿಯೆ ನಿಂತುಹೋಯಿತು. ಬರೀ ರಾಸಾಯನಿಕ ದಹನವಾಗಿದ್ದರೆ ಹಾಗೆ ನಿಲ್ಲಬೇಕಾಗಿರಲಿಲ್ಲ. ಅಷ್ಟಾದರೂ ಮುಂದಿನ ಮೂರು ದಶಕ ಎಂಜಿನಿಯರುಗಳು ಕೊಳಚೆ ತುಂಬಿದ ತೊಟ್ಟಿಗಳಿಗೆ ಗಾಳಿ ಊದಿ ನೋಡಿದರು, ಹೆಚ್ಚೇನೂ ಫಲ ಕಾಣದೆ ಕೈಬಿಟ್ಟರು. ಗಾಳಿ ಊದುತ್ತಿದ್ದರು ನಿಜ, ಆ ಗಾಳಿಯನ್ನು ಉಸಿರಾಡುವ ಜೀವಿಗಳನ್ನು ಮಾತ್ರ ಪ್ರತಿಸಲವೂ ನೀರಿನ ಜೊತೆ ಹೊರಗೆ ಚೆಲ್ಲುತ್ತಿದ್ದರು.

ಗಿಲ್ಬರ್ಟ್ ಫೌಲರ್ ಮ್ಯಾಂಚೆಸ್ಟರ್ ನಗರಾಡಳಿತದ ಕೊಳಚೆ ಶುದ್ಧೀಕರಣದ ಕೆಲಸ ನೋಡಿಕೊಳ್ಳುತ್ತಿದ್ದವರು. 1912ರಲ್ಲಿ ನ್ಯೂಯಾರ್ಕ್ ಬಂದರಿನ ಮಾಲಿನ್ಯದ ಬಗ್ಗೆ ಸಲಹೆ ಕೊಡಲು ಅಮೆರಿಕಕ್ಕೆ ಹೋದಾಗ ಅವರು ಮ್ಯಾಸಚೂಸೆಟ್ಸಿನ ಲಾರೆನ್ಸ್ ಪ್ರಯೋಗ ಕೇಂದ್ರಕ್ಕೂ ಭೇಟಿ ಕೊಟ್ಟರು. ಅಲ್ಲಿನವರು ಕೊಳಚೆ ತುಂಬಿದ ಬಾಟಲಿಗಳಿಗೆ ಗಾಳಿ ಹಾಯಿಸಿ, ಒಳಗೆ ಪಾಚಿ ಮತ್ತು ಜೀವಿಗಳು ಬೆಳೆದಂತೆ ನೀರು ತಿಳಿಯಾಗುವುದನ್ನು ನೋಡುತ್ತಿದ್ದರು. ಊರಿಗೆ ಮರಳಿದ ಫೌಲರ್ ಈ ಪ್ರಯೋಗವನ್ನು ಮುಂದುವರಿಸುವಂತೆ ಡೇವಿಹ್ಯೂಮ್ ಘಟಕದಲ್ಲಿದ್ದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ಸೂಚಿಸಿದರು. ಪಾಚಿ ಬೆಳೆಯದಿರಲೆಂದು ಅವರು ಬಾಟಲಿಗಳಿಗೆ ಕಂದು ಕಾಗದ ಸುತ್ತಿದರು. ಮೊದಲ ಸಲ ಕೊಳಚೆಯ ಅಮೋನಿಯ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಹಿಡಿಯಿತು. ಐದು ವಾರ ಗಾಳಿ ಊದುವ ವಿಧಾನದಿಂದ ಯಾವ ಊರಿಗೂ ಉಪಯೋಗವಿಲ್ಲ. ಆದರೆ ಅವರು ತಿಳಿನೀರನ್ನಷ್ಟೇ ಬಗ್ಗಿಸಿ, ತಳದಲ್ಲಿ ನಿಂತ ಕಂದು ಗಸಿಯನ್ನು ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಹಾಯಿಸಿದರು. ಹೀಗೆ ಮತ್ತೆ ಮತ್ತೆ ಮಾಡಿದಂತೆ ಗಸಿ ಹೆಚ್ಚಿತು, ಸಮಯ ಇಳಿಯಿತು. ಕೊನೆಗೆ ಒಂದು ದಿನಕ್ಕೆ, ಆಮೇಲೆ ಕೆಲವೇ ಗಂಟೆಗಳಿಗೆ ಬಂತು. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಮನೆಯವರಿಗೆ ಇದರ ತರ್ಕ ಕೂಡಲೇ ಹಿಡಿಸುತ್ತದೆ. ವ್ಯತ್ಯಾಸವೆಂದರೆ ಈ ಹೆಪ್ಪಿಗೆ ಗಾಳಿ ಕ್ಷಣವೂ ತಪ್ಪುವಂತಿಲ್ಲ. 1914ರ ಏಪ್ರಿಲ್ 3ರಂದು ರಾಸಾಯನಿಕ ಉದ್ಯಮ ಸಂಘದ ಮ್ಯಾಂಚೆಸ್ಟರ್ ಶಾಖೆಯ ಸಭೆಯಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಈ ಫಲಿತಾಂಶಗಳನ್ನು ಓದಿದರು. ಆ ಗಸಿಗೆ ಅವರಿಟ್ಟ ಹೆಸರನ್ನೇ ನಮ್ಮ ಪಠ್ಯಗಳು ಸಕ್ರಿಯ ಕೆಸರು ಎನ್ನುತ್ತವೆ.

ಇದರ ಯಶಸ್ಸು ಯಾರಿಗೆ ಸೇರಬೇಕು ಎಂಬ ವಾದ ಬಹಳ ಕಾಲ ನಡೆಯಿತು. ಗಾಳಿ ಹಾಯಿಸಿದ ಬಾಟಲಿ ತಮ್ಮದೇ ಎಂದು ಲಾರೆನ್ಸಿನವರು ಹೇಳುತ್ತಿದ್ದರು. ಗಸಿಯನ್ನು ಉಳಿಸಿಕೊಳ್ಳುವುದೇ ಮುಖ್ಯ, ಅದು ತಮ್ಮದು ಎಂದು ಮ್ಯಾಂಚೆಸ್ಟರಿನವರು ಹೇಳುತ್ತಿದ್ದರು. ಸಾಕ್ಷ್ಯ ನೋಡಿದರೆ ಎರಡನೆಯ ಮಾತಿಗೇ ತೂಕ ಹೆಚ್ಚು, ಏಕೆಂದರೆ ಐದು ವಾರವನ್ನು ಕೆಲವು ಗಂಟೆಗೆ ಇಳಿಸಿದ್ದು ಗಾಳಿಯೊಂದೇ ಅಲ್ಲ. ಈ ವಾದ ಪೇಟೆಂಟಿನ ರೂಪದಲ್ಲಿ ಅಮೆರಿಕದ ನ್ಯಾಯಾಲಯಗಳಿಗೂ ಹೋಯಿತು. 1930ರ ದಶಕದಲ್ಲಿ ಮಿಲ್‌ವಾಕಿ ನಗರ ಅಂಥ ಒಂದು ಮೊಕದ್ದಮೆಯಲ್ಲಿ ಸೋತಿತು. ಅಷ್ಟರಲ್ಲಿ ವಿಧಾನ ಎಲ್ಲೆಡೆ ಹಬ್ಬಿತ್ತು. ಇಂಗ್ಲೆಂಡಿನ ವೂಸ್ಟರ್‌ನಲ್ಲಿ 1916ರಲ್ಲಿ, ಟೆಕ್ಸಸಿನ ಹ್ಯೂಸ್ಟನ್‌ನಲ್ಲಿ ಅದರ ಮರುವರ್ಷ ದೊಡ್ಡ ಘಟಕಗಳು ನಡೆಯತೊಡಗಿದ್ದವು. ಮೊದಲ ಮಹಾಯುದ್ಧದ ನಡುವೆಯೂ ಒಂದು ಪ್ರಯೋಗಾಲಯದ ಬಾಟಲಿ ಇಷ್ಟು ಬೇಗ ನಗರದ ತೊಟ್ಟಿಯಾದದ್ದು ನಿಜಕ್ಕೂ ಅಪರೂಪ.

1916ರಲ್ಲಿಯೇ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅನ್ವಯಿಕ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಜೆಮ್‌ಶೆಟ್‌ಜಿ ಟಾಟಾ ಅವರ ದತ್ತಿ ಮತ್ತು ಮೈಸೂರು ಸರ್ಕಾರ ಕೊಟ್ಟ 371 ಎಕರೆ ಜಾಗದ ಮೇಲೆ ನಿಂತ ಆ ಸಂಸ್ಥೆಯಲ್ಲಿ ತರಗತಿ ಶುರುವಾಗಿ ಆಗಿನ್ನೂ ಐದು ವರ್ಷ. 1921ರಲ್ಲಿ ಅವರ ನೇತೃತ್ವದಲ್ಲಿ ಜೀವರಸಾಯನಶಾಸ್ತ್ರದ ವಿಭಾಗ ಮೈದಳೆಯಿತು. 1924ರವರೆಗೆ ಅವರು ಸಂಸ್ಥೆಯಲ್ಲಿದ್ದರು. ಸಕ್ರಿಯ ಕೆಸರಿನ ಮೇಲಿನ ಪ್ರಯೋಗಗಳು ಇಲ್ಲಿ ನಡೆದವು, ಟಾಟಾ ಉಕ್ಕಿನ ಊರು ಜಮ್‌ಶೆಡ್‌ಪುರದಲ್ಲಿ ಈ ವಿಧಾನ ಬಳಕೆಗೂ ಬಂತು. ಫೌಲರ್ ಅವರ ಕಣ್ಣು ನೀರಿನ ಮೇಲೆ ಮಾತ್ರ ಇರಲಿಲ್ಲ. ಭಾರತದ ಹೊಲಗಳಿಗೆ ಸಾರಜನಕದ ಕೊರತೆ, ಭಾರತದ ಪಟ್ಟಣಗಳು ಅದೇ ಸಾರಜನಕವನ್ನು ಚರಂಡಿಗೆ ಸುರಿಯುತ್ತಿವೆ ಎನ್ನುವುದು ಅವರನ್ನು ಕಾಡಿದ ವಿಚಾರ. ಗಾಳಿಯೂಡಿ ಬೆಳೆಸಿದ ಕೆಸರಿನಲ್ಲಿ ಗೊಬ್ಬರದ ಸತ್ವ ಉಳಿಯುತ್ತದೆ, ಕೊಳೆಯಲು ಬಿಟ್ಟ ಕೆಸರಿನಲ್ಲಿ ಅದು ಹಾಳಾಗುತ್ತದೆ ಎಂಬುದರ ಸುತ್ತ ಅವರು ಚಿಂತಿಸಿ, 1934ರಲ್ಲಿ ಸಾರಜನಕ ಸಂರಕ್ಷಣೆಯ ಜೀವರಸಾಯನದ ಬಗ್ಗೆ ಪುಸ್ತಕವನ್ನೇ ತಂದರು. ಅಂದರೆ ಈ ವಿದ್ಯೆ ಬೆಂಗಳೂರಿಗೆ ಬರೀ ಸುದ್ದಿಯಾಗಿ ಬಂದಿರಲಿಲ್ಲ. ಕಲಿಸುವ ಗುರು, ಪ್ರಯೋಗಾಲಯ, ವಿದ್ಯಾರ್ಥಿಗಳು, ಹೊಲಕ್ಕೆ ಹೊಂದುವ ತರ್ಕ ಎಲ್ಲವೂ ಜೊತೆಗೇ ಬಂದಿದ್ದವು.

ಆದರೂ ನಗರ ಅಂಥ ಘಟಕ ಕಟ್ಟಲಿಲ್ಲ. ಇದಕ್ಕೆ ಬಡತನವನ್ನೇ ಕಾರಣವೆಂದರೆ ಸಾಲದು. 1890ರ ದಶಕದಲ್ಲೇ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತರಲಾಗಿತ್ತು, 1933ಕ್ಕೆ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. ನೀರು ತರಲು ಹಣ ಹೊಂದಿಸಿದ ಊರು ಬಳಸಿದ ನೀರಿನ ಗತಿಯ ಬಗ್ಗೆ ಮಾತ್ರ ಅಷ್ಟು ಆತುರ ತೋರಲಿಲ್ಲ. 1898ರ ಪ್ಲೇಗಿನ ಕಾಲಕ್ಕೆ ಬೆಳೆದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ನಕ್ಷೆ ನೋಡಿದರೆ ಕಾರಣ ಕಾಣುತ್ತದೆ. ಮನೆಗಳ ಹಿಂಬದಿಯಲ್ಲಿ ಕಿರಿದಾದ ಕನ್ಸರ್ವೆನ್ಸಿ ಓಣಿಗಳಿವೆ. ಮನೆಯವರ ಕಣ್ಣಿಗೆ ಬೀಳದಂತೆ ಬಂದು ಮಲ ಹೊತ್ತೊಯ್ಯುವವರಿಗಾಗಿ ಬಿಟ್ಟ ದಾರಿಗಳು ಅವು. ಆ ಕೆಲಸಕ್ಕೆ ಜಾತಿಯ ಕಟ್ಟಳೆಯೇ ಕೆಲಸಗಾರರನ್ನು ಒದಗಿಸುತ್ತಿತ್ತು, ಕೂಲಿ ಅತ್ಯಲ್ಪ. ಒಳಚರಂಡಿಯ ಕೆಲಸ ನಗರದ ನಡುಭಾಗದಲ್ಲಿ 1922ರ ಹೊತ್ತಿಗೆ ಆರಂಭವಾದರೂ ನಿಧಾನವಾಗಿಯೇ ಹಬ್ಬಿತು. ಅದು ಒಯ್ದ ಕೊಳಚೆ ಕಣಿವೆಗಳಿಗೂ ಕೆರೆಗಳಿಗೂ ಸೇರಿತು. ಗಾಳಿ ಊದುವ ಬ್ಲೋವರಿಗೆ, ಮೋಟಾರಿಗೆ, ಕರೆಂಟಿಗೆ ದುಡ್ಡು ಕೊಡಬೇಕಾದ ಜಾಗದಲ್ಲಿ ಊರಿಗೆ ಎರಡು ಬಿಟ್ಟಿ ದಾರಿಗಳಿದ್ದವು, ಒಂದು ದಲಿತರ ತಲೆ, ಇನ್ನೊಂದು ಕೆರೆ. ನನ್ನ ವಾದದ ತಿರುಳು ಇದೇ. ಆಮ್ಲಜನಕದ ಲೆಕ್ಕವನ್ನು ಯಾರಾದರೂ ತೀರಿಸಲೇಬೇಕು, ಬೆಂಗಳೂರು ಅದನ್ನು ದಶಕಗಟ್ಟಲೆ ಬೇರೆಯವರಿಂದ ತೀರಿಸಿಕೊಂಡಿತು.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ವಿಜ್ಞಾನ ಸಂಸ್ಥೆಯ ಒಳಗಿನಿಂದಲೇ ಎತ್ತಬಹುದು. ಗಾಳಿಯೂಡುವ ಯಂತ್ರ ಬಡ ದೇಶಕ್ಕೆ ತಕ್ಕದ್ದಲ್ಲ, ಗಾಳಿಯಿಲ್ಲದೆ ಕೊಳೆಸುವುದೇ ಜಾಣತನ ಎಂದು. ಇದು ಬರೀ ವಾದವಾಗಿ ಉಳಿಯಲಿಲ್ಲ. 1939ರಲ್ಲಿ ಅಲ್ಲಿಯ ಸಿ. ಎನ್. ಆಚಾರ್ಯ ರೂಪಿಸಿದ ಕಾಂಪೋಸ್ಟ್ ವಿಧಾನ ಇವತ್ತಿಗೂ ಜಗತ್ತಿನ ಕೃಷಿ ಪುಸ್ತಕಗಳಲ್ಲಿ ಬೆಂಗಳೂರಿನ ಹೆಸರಿನಲ್ಲೇ ಇದೆ. ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮುಚ್ಚುವುದು; ಮೊದಲ ಕೆಲವು ದಿನ ಒಳಗಿನ ಗಾಳಿಯಿಂದ ರಾಶಿ ಬಿಸಿಯಾಗಿ ರೋಗಾಣುಗಳು ಸಾಯುತ್ತವೆ, ಆಮೇಲೆ ತಿಂಗಳುಗಟ್ಟಲೆ ಗಾಳಿಯಿಲ್ಲದೆ ನಿಧಾನವಾಗಿ ಕಳಿಯುತ್ತದೆ. ಮಗುಚಿ ಹಾಕುವ ಕೂಲಿಯಿಲ್ಲ, ನೀರು ಹೆಚ್ಚು ಬೇಡ. ಆಲ್ಬರ್ಟ್ ಹೋವರ್ಡ್ ಅವರ ಇಂದೋರ್ ವಿಧಾನದಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಿ ಗಾಳಿ ಕೊಡಬೇಕಿತ್ತು. ಆಚಾರ್ಯ ಆ ಶ್ರಮವನ್ನು ಕಾಲಕ್ಕೆ ಬಿಟ್ಟರು. ಇದನ್ನು ನಾನು ದೊಡ್ಡ ಸಾಧನೆ ಎಂದೇ ತಿಳಿಯುತ್ತೇನೆ. ಆದರೆ ಆಕ್ಷೇಪ ಮಾತ್ರ ಇದರಿಂದ ಗೆಲ್ಲುವುದಿಲ್ಲ. ಗುಂಡಿ ಗೆಲ್ಲುವುದು ಘನ ಕಸದಲ್ಲಿ, ಅದೂ ಜಾಗ ಮತ್ತು ತಿಂಗಳುಗಳು ಕೈಯಲ್ಲಿದ್ದಾಗ. ದೊಡ್ಡ ಸಗಟು ಪೇಟೆಯಲ್ಲಿ ಬೀಳುವ ಸೊಪ್ಪು, ಸಿಪ್ಪೆ, ಕೊಳೆತ ಹಣ್ಣಿಗೆ ಅದು ಹೊಂದೀತು. ಹಾಗೆಯೇ ರಾಶಿ ಬಿಟ್ಟರೆ ಒಳಗೆ ಗಾಳಿಯಿಲ್ಲದೆ ನಾರುವ ಆ ಕಸವೇ ಮಣ್ಣಿಗೆ ಅನ್ನವಾದೀತು. ಆದರೆ ನಲ್ಲಿ ನೀರು ಬಂದ ಮನೆಯಿಂದ ದಿನವಿಡೀ ಹರಿಯುವ, ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ ಆಗಿರುವ ಕೊಳಚೆಯನ್ನು ಗುಂಡಿಯಲ್ಲಿ ಮುಚ್ಚಲಾಗದು. ಜೊತೆಗೆ, ಆ ಗುಂಡಿಗೆ ಮಲವನ್ನು ತಂದು ಹಾಕುವ ಕೈಗಳು ಯಾರವು ಎಂಬ ಪ್ರಶ್ನೆಯನ್ನು ಈ ವಿಧಾನ ತನ್ನಷ್ಟಕ್ಕೆ ಬಿಡಿಸುವುದಿಲ್ಲ.

ಅದೇ ಸಂಸ್ಥೆಯಲ್ಲಿ ಗಾಳಿಯ ಕಡೆಯ ಸಂಶೋಧನೆಯೂ ನಿಂತಿರಲಿಲ್ಲ. ವಿ. ಸುಬ್ರಹ್ಮಣ್ಯನ್ (ಮುಂದೆ ಮೈಸೂರಿನ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದವರು) ಮತ್ತು ಎಸ್. ಸಿ. ಪಿಳ್ಳೈ 1940ರ ದಶಕದ ಆರಂಭದಲ್ಲಿ ಒಂದು ಹೊಸ ಮಾತು ಹೇಳಿದರು. ಕೊಳಚೆಯನ್ನು ತಿಳಿಗೊಳಿಸುವುದರಲ್ಲಿ ಬ್ಯಾಕ್ಟೀರಿಯಾಗಿಂತ ದೊಡ್ಡ ಪಾತ್ರ ಪ್ರೋಟೋಜೋವಾಗಳದು, ಕಾಂಡದ ತುದಿಯಲ್ಲಿ ಗಂಟೆಯ ಆಕಾರದಲ್ಲಿ ತೂಗುವ ಜೀವಿಗಳದು, ಎನ್ನುವುದು ಅವರ ವಾದ. ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಈ ವಾದವನ್ನು ಪಶ್ಚಿಮದ ತಜ್ಞರು ಆಗ ಪೂರ್ತಿ ಒಪ್ಪಲಿಲ್ಲ. ಮುಖ್ಯ ಕೆಲಸ ಬ್ಯಾಕ್ಟೀರಿಯಾದ್ದೇ, ಚದುರಿದ ಬ್ಯಾಕ್ಟೀರಿಯಾವನ್ನು ತಿಂದು ನೀರನ್ನು ತಿಳಿಯಾಗಿಸುವುದು ಪ್ರೋಟೋಜೋವಾ ಎಂಬ ನಡುದಾರಿಯಲ್ಲಿ ಚರ್ಚೆ ಮುಂದೆ ನಿಂತಿತು. ಇಂದು ಕೊಳಚೆ ಶುದ್ಧೀಕರಣ ಘಟಕದ (ಎಸ್‌ಟಿಪಿ) ಕೆಸರು ಆರೋಗ್ಯವಾಗಿದೆಯೇ ಎಂದು ನೋಡಲು ಸೂಕ್ಷ್ಮದರ್ಶಕದಲ್ಲಿ ಮೊದಲು ಹುಡುಕುವುದು ಇದೇ ಗಂಟೆಯಾಕಾರದ ಜೀವಿಗಳನ್ನು. ಬೆಂಗಳೂರಿನ ವಿಜ್ಞಾನಿಗಳು ಲೋಕಕ್ಕೆ ಕಲಿಸುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಕೊಳಚೆ ಎಂದಿನಂತೆ ಕಣಿವೆಗಿಳಿಯುತ್ತಿತ್ತು.

ತಿರುವು ಬಂದದ್ದು 1960 ಮತ್ತು 70ರ ದಶಕಗಳಲ್ಲಿ. 1964ರಲ್ಲಿ ಬೆಂಗಳೂರು ಜಲಮಂಡಳಿ ರಚನೆಯಾಯಿತು. 1974ರಲ್ಲಿ ಸಂಸತ್ತು ಜಲ ಮಾಲಿನ್ಯ ಕಾಯ್ದೆ ತಂದಿತು, ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದೂ ಆ ದಶಕದ ಆರಂಭದಲ್ಲೇ. ಈ ಕೊನೆಯದನ್ನು ಕೊಳಚೆ ಶುದ್ಧೀಕರಣದ ಚರಿತ್ರೆಯಲ್ಲಿ ಯಾರೂ ಸೇರಿಸುವುದಿಲ್ಲ, ಸೇರಿಸಲೇಬೇಕು ಎಂದು ನನಗನ್ನಿಸುತ್ತದೆ. ಊರು ಇಷ್ಟು ಕಾಲ ತೆರದೆ ಉಳಿಸಿಕೊಂಡಿದ್ದ ದುಡ್ಡಿನ ದೊಡ್ಡ ಭಾಗವನ್ನು ಒಂದು ಸಮುದಾಯದ ಮಾನದಿಂದ ಕಿತ್ತುಕೊಳ್ಳಲಾಗುತ್ತಿತ್ತು ಎಂಬುದನ್ನು ಆಡಳಿತ ಮೊದಲ ಸಲ ಒಪ್ಪಿದ್ದು ಆಗ. ಆ ದಶಕದಿಂದೀಚೆಗೆ ವೃಷಭಾವತಿ ಕಣಿವೆಯಲ್ಲಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ, ಮುಂದೆ ಹೆಬ್ಬಾಳದಲ್ಲಿ ಘಟಕಗಳು ಬಂದವು. ವೃಷಭಾವತಿಯಲ್ಲಿ ಜಲ್ಲಿಯ ಹಾಸಿನ ಮೇಲೆ ಕೊಳಚೆ ಚಿಮುಕಿಸುವ ಹಳೆಯ ವಿಧಾನವಾದರೆ, ಕೋರಮಂಗಲ ಕಣಿವೆಗೆ ಬಂದದ್ದು ಸಕ್ರಿಯ ಕೆಸರು. ಫೌಲರ್ ಬಂದ ವರ್ಷದಿಂದ ಎಣಿಸಿದರೆ ಅರ್ಧ ಶತಮಾನ ಕಳೆದಿತ್ತು.

ಮುಂದಿನ ಕಥೆ ಎಲ್ಲರ ಕಣ್ಣೆದುರೇ ನಡೆದದ್ದು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ ಊರಿನ ಕೊಳಚೆಯ ಶೇಕಡಾ 40ರಷ್ಟು ಬಂದು ಸೇರುತ್ತಿತ್ತು, ಅದರ ಬಹುಪಾಲು ಶುದ್ಧವಾಗದೆ. ಮೇಲೆ ಜೊಂಡು ಮತ್ತು ಅಂತರಗಂಗೆ ಹಬ್ಬಿ ಗಾಳಿ ಇಳಿಯುವ ದಾರಿಯೂ ಮುಚ್ಚಿತು. 2015ರ ಮೇ ತಿಂಗಳಲ್ಲಿ ಅಲ್ಲಿನ ನೊರೆಗೆ ಬೆಂಕಿ ಹತ್ತಿತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. 2018ರ ಜನವರಿ 19ರಂದು ಬೆಳ್ಳಂದೂರಿನಲ್ಲಿ ಮತ್ತೆ ಬೆಂಕಿ ಎದ್ದಾಗ ಆರಿಸಲು ಸಾವಿರಾರು ಸೈನಿಕರು ಬರಬೇಕಾಯಿತು. ಆ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ನೊರೆ ಏಕೆ ಬಂತು ಎಂಬುದರಲ್ಲಿ ವಿಜ್ಞಾನ ಸಂಸ್ಥೆಯವರಲ್ಲೇ ಒತ್ತು ಬೇರೆ ಬೇರೆ. ಟಿ. ವಿ. ರಾಮಚಂದ್ರ ಅವರು ಡಿಟರ್ಜೆಂಟಿನ ರಂಜಕ ಮತ್ತು ಕೊಳಚೆಯ ಪೋಷಕಾಂಶಗಳನ್ನು ಮುಂದಿಟ್ಟರೆ, ಎಚ್. ಎನ್. ಚಾಣಕ್ಯ ಮತ್ತು ಸಂಗಡಿಗರು ಕೆರೆಯ ತಳದ ಕೆಸರಿನಲ್ಲಿ ಸೇರಿಕೊಂಡ ಸೋಪಿನ ಅಂಶ ಮಳೆಗೆ ಕಲಕಿ ಮೇಲೇಳುವುದನ್ನು ತೋರಿಸಿದರು. ಬೆಂಕಿಯ ಮೂಲ ಮೀಥೇನೋ, ಒಣಗಿದ ಜೊಂಡಿಗೆ ಯಾರೋ ಹಚ್ಚಿದ ಕಿಚ್ಚೋ ಎಂಬ ತಕರಾರೂ ಇತ್ತು. ಈ ವಾದಗಳು ಬೇಕಾದವೇ, ಆದರೆ ಎಲ್ಲದರ ಕೆಳಗಿರುವ ಸಂಗತಿ ಒಂದೇ. ನೀರಿನಲ್ಲಿ ಆಮ್ಲಜನಕ ಉಳಿದಿದ್ದರೆ ಸೋಪಿನ ಅಂಶದ ಬಹುಪಾಲನ್ನು ಜೀವಿಗಳು ಒಡೆದು ಮುಗಿಸುತ್ತಿದ್ದವು, ತಳದಲ್ಲಿ ಮೀಥೇನ್ ಇಷ್ಟು ಹುಟ್ಟುತ್ತಿರಲಿಲ್ಲ.

ಊರು ಬೆಳೆದ ವೇಗವನ್ನು ಯಾವ ಆಡಳಿತವೂ ತಾಳಿಕೊಳ್ಳುತ್ತಿರಲಿಲ್ಲ ಎನ್ನುವವರಿಗೆ ಒಂದು ಲೆಕ್ಕ ಮುಂದಿಡಬಹುದು. ಒಬ್ಬರ ಮನೆಬಳಕೆಯ ಕೊಳಚೆ ದಿನಕ್ಕೆ ಬೇಡುವ ಆಮ್ಲಜನಕ ಸುಮಾರು 45 ಗ್ರಾಂ. ಒಂದು ಕೋಟಿ ಜನರಿಗೆ ಅದು 450 ಟನ್. 2021ರ ಮೇ ತಿಂಗಳ ಕೋವಿಡ್ ಅಲೆಯಲ್ಲಿ ಇಡೀ ಕರ್ನಾಟಕಕ್ಕೆ ದಿನಕ್ಕೆ 1,200 ಟನ್ ವೈದ್ಯಕೀಯ ಆಮ್ಲಜನಕ ಕೊಡುವಂತೆ ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಿತ್ತು. ರಾಜ್ಯವೇ ಉಸಿರುಗಟ್ಟಿದ್ದ ಆ ದಿನಗಳ ಬೇಡಿಕೆಯ ಮೂರನೇ ಒಂದಕ್ಕಿಂತ ಹೆಚ್ಚನ್ನು ಒಂದು ಊರಿನ ಚರಂಡಿ ಪ್ರತಿದಿನ, ವರ್ಷವಿಡೀ ಬೇಡುತ್ತದೆ. ಸಮಾಧಾನದ ಸಂಗತಿಯೆಂದರೆ ಈ ಆಮ್ಲಜನಕವನ್ನು ಟ್ಯಾಂಕರಿನಲ್ಲಿ ತರಬೇಕಿಲ್ಲ, ಗಾಳಿಯಲ್ಲೇ ಇದೆ. ಖರ್ಚು ಬೀಳುವುದು ಕರಗಿಸಲು. ಗಾಳಿಯೂಡುವ ಘಟಕದ ಕರೆಂಟಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಬ್ಲೋವರುಗಳಿಗೇ ಹೋಗುತ್ತದೆ. ಆದ್ದರಿಂದ ಬೆಳವಣಿಗೆಯ ವಾದ ಘಟಕ ಕಟ್ಟುವುದು ತಡವಾದದ್ದನ್ನು ಒಂದಿಷ್ಟು ವಿವರಿಸೀತು, ಕಟ್ಟಿದ ಘಟಕ ಸರಿಯಾಗಿ ನಡೆಯದಿರುವುದನ್ನು ವಿವರಿಸದು. ನಮ್ಮಲ್ಲಿ ಶಂಕುಸ್ಥಾಪನೆಗೆ ಕಾಸಿದೆ, ತಿಂಗಳ ಕರೆಂಟು ಬಿಲ್ಲಿಗೆ ಇಲ್ಲ. ಸಕ್ರಿಯ ಕೆಸರು ಈ ಸ್ವಭಾವವನ್ನು ಕ್ಷಮಿಸುವುದಿಲ್ಲ. ಕಾಲುವೆಯನ್ನು ಒಂದು ವಾರ ಮರೆತರೆ ಅದು ಕಾಲುವೆಯಾಗಿಯೇ ಇರುತ್ತದೆ, ಬ್ಲೋವರನ್ನು ಒಂದು ದಿನ ನಿಲ್ಲಿಸಿದರೆ ತೊಟ್ಟಿಯ ಜೀವಿಗಳು ಉಸಿರುಗಟ್ಟುತ್ತವೆ, ಮತ್ತೆ ಹಿಂದಿನ ಬಲಕ್ಕೆ ಬರಲು ದಿನಗಳೇ ಬೇಕು.

ಈ ಖರ್ಚನ್ನು ಬೇರೆಯವರ ಮೇಲೆ ಹಾಕುವ ಚಾಳಿ ಘಟಕಗಳು ಬಂದ ಮೇಲೂ ಹೋಗಲಿಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಎಸ್‌ಟಿಪಿಯನ್ನು ತಾವೇ ಕಟ್ಟಿಕೊಳ್ಳಬೇಕೆಂಬ ನಿಯಮ ಬಂದು ಬೆಂಗಳೂರಿನ ನೆಲಮಾಳಿಗೆಗಳಲ್ಲಿ ಅಂಥವು ಹರಡಿಕೊಂಡಿವೆ. ಬಹಳ ಕಡೆ ಬ್ಲೋವರ್ ಓಡುವುದು ನಿರ್ವಹಣಾ ಶುಲ್ಕದ ಮೇಲೆ ಕಣ್ಣಿಟ್ಟು. ಗಾಳಿ ನಿಂತ ಕೆಸರಿನ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿಕೊಳ್ಳುತ್ತದೆ. ಹೆಚ್ಚು ಪ್ರಮಾಣದಲ್ಲಿ ಅದು ಮೂಗಿನ ವಾಸನೆಯ ಶಕ್ತಿಯನ್ನೇ ಕುಂದಿಸುವುದರಿಂದ ಎಚ್ಚರಿಕೆಯೂ ಸಿಗುವುದಿಲ್ಲ. 2018ರ ಜನವರಿಯಲ್ಲಿ ನಗರದ ಆಗ್ನೇಯ ಭಾಗದ ಒಂದು ವಸತಿ ಸಮುಚ್ಚಯದ ಎಸ್‌ಟಿಪಿಗೆ ಇಳಿದ ಮೂವರು ಕೆಲಸಗಾರರು ಹೀಗೇ ಸತ್ತರು. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೇಂದ್ರ ಕಾಯ್ದೆ ಬಂದ ಮೇಲೆ ನಡೆದ ಸಾವುಗಳಿವು. ಕನ್ಸರ್ವೆನ್ಸಿ ಓಣಿಯಲ್ಲಿ ನಡೆಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳೇ ಈ ತೊಟ್ಟಿಗಳಿಗೆ ಇಳಿಯುತ್ತಿದ್ದಾರೆ ಎನ್ನುವುದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಗಾಳಿಯ ಬಿಲ್ಲು ಕಟ್ಟದಿದ್ದಾಗ ಅದನ್ನು ಕಟ್ಟಿದವರು ಅವರು.

ಮತ್ತೊಂದು ಪಾಲು ಕೋಲಾರಕ್ಕೆ ಹೋಯಿತು. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆಯನ್ನು ದಿನಕ್ಕೆ 44 ಕೋಟಿ ಲೀಟರಿನಂತೆ ಒಣಗಿದ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರ ಜೂನ್‌ನಲ್ಲಿ ನೀರು ಲಕ್ಷ್ಮೀಸಾಗರ ಕೆರೆ ತಲುಪಿತು. ಮರು ತಿಂಗಳೇ ಅಲ್ಲಿ ನೊರೆ ಕಾಣಿಸಿತು, ಹೈಕೋರ್ಟ್ ತಡೆ ಕೊಟ್ಟಿತು, 2019ರಲ್ಲಿ ವಿವಾದ ಸುಪ್ರೀಂ ಕೋರ್ಟಿಗೂ ಹೋಗಿ ಕೊನೆಗೆ ನೀರು ಹರಿಯಲು ಬಿಡಲಾಯಿತು. ಅಲ್ಲಿನ ರೈತರಲ್ಲಿ ಎರಡು ಅಭಿಪ್ರಾಯಗಳಿವೆ, ಎರಡಕ್ಕೂ ಕಾರಣಗಳಿವೆ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ಕಣ್ಣೆದುರಿನ ಸತ್ಯ. ಮೂರನೇ ಹಂತದ ಶುದ್ಧೀಕರಣ ಮಾಡದೆ ಕುಡಿಯುವ ಅಂತರ್ಜಲದ ಮೇಲೆ ಈ ನೀರು ಬಿಡಬೇಡಿ ಎನ್ನುವ ಹೋರಾಟಗಾರರ ಮಾತೂ ನಿರಾಧಾರವಲ್ಲ. ಊರಿನ ಸಾರಜನಕ ಹೊಲಕ್ಕೆ ಮರಳಬೇಕು ಎಂಬ ಫೌಲರ್ ಅವರ ಆಸೆ ನೂರು ವರ್ಷಗಳ ಬಳಿಕ ಒಂದು ರೀತಿಯಲ್ಲಿ ನಡೆಯುತ್ತಿದೆ. ಆದರೆ ಅವರು ಬಯಸಿದ್ದು ಗೊಬ್ಬರವಾಗಿ, ಲೆಕ್ಕ ಇಟ್ಟು. ಇಲ್ಲಿ ಅದು ಹೋಗುತ್ತಿರುವುದು ಅಂತರ್ಜಲಕ್ಕೆ ಇಳಿಯಬಲ್ಲ ನೀರಿನಲ್ಲಿ.

ಶುದ್ಧೀಕರಣ ಎಷ್ಟಾಗಬೇಕು ಎಂಬ ಅಳತೆಯ ಕಥೆಯೂ ಇದಕ್ಕೆ ಸೇರಿದ್ದೇ. 1912ರಲ್ಲಿ ಬ್ರಿಟನ್ನಿನ ರಾಯಲ್ ಆಯೋಗ ಐದು ದಿನದಲ್ಲಿ ಶುದ್ಧೀಕರಿಸಿದ ಕೊಳಚೆ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂದು ಅಳೆದು, ಲೀಟರಿಗೆ 20 ಮಿಲಿಗ್ರಾಂ ಮೀರಬಾರದು ಎಂದಿತು. ನಮ್ಮ ಬಿಸಿಲಿನ ದೇಶದಲ್ಲಿ ಜೀವಿಗಳು ಬೇಗ ಕೆಲಸ ಮಾಡುವುದರಿಂದ ಅದನ್ನು 27 ಡಿಗ್ರಿಯಲ್ಲಿ ಮೂರು ದಿನದ ಪರೀಕ್ಷೆಯಾಗಿ ಮಾಡಿಕೊಂಡೆವು. ನದಿ, ಕೆರೆಗೆ ಬಿಡುವ ನೀರಿಗೆ ಬಹುಕಾಲ 30 ಮಿಲಿಗ್ರಾಂ ಮಿತಿಯಿತ್ತು. 2017ರ ಅಕ್ಟೋಬರಿನ ಕೇಂದ್ರ ಅಧಿಸೂಚನೆ ಅದನ್ನು ಮಹಾನಗರಗಳಿಗೆ 20 ಮಾಡಿತು, 2019ರ ಏಪ್ರಿಲ್ 30ರಂದು ಹಸಿರು ನ್ಯಾಯಮಂಡಳಿ 10ಕ್ಕೆ ಇಳಿಸಲು ಹೇಳಿತು. ಅಂಕಿ ಬಿಗಿಯಾದದ್ದು ಒಳ್ಳೆಯದೇ. ಆದರೆ ಪರೀಕ್ಷೆಯ ಫಲಿತಾಂಶ ಬರುವುದು ಮೂರು ದಿನದ ಮೇಲೆ, ಅದೂ ಯಾವತ್ತೋ ತೆಗೆದ ಒಂದು ಬಾಟಲಿ ನೀರಿನ ಮೇಲೆ. ಗಾಳಿ ತೊಟ್ಟಿಯಲ್ಲಿ ಈ ಗಳಿಗೆ ಎಷ್ಟು ಆಮ್ಲಜನಕ ಕರಗಿದೆ ಎಂಬುದನ್ನು ಅದರೊಳಗೆ ಇಳಿಬಿಟ್ಟ ಒಂದು ಸೆನ್ಸರ್ ಕ್ಷಣಕ್ಷಣಕ್ಕೂ ಹೇಳಬಲ್ಲದು. ಲೀಟರಿಗೆ ಎರಡು ಮಿಲಿಗ್ರಾಂ ಸುತ್ತಮುತ್ತ ನಿಂತರೆ ಜೀವಿಗಳು ಕೆಲಸದಲ್ಲಿವೆ ಎಂದು ತಿಳಿಯಬಹುದು.

ಹೊಸ ತಂತ್ರಜ್ಞಾನ ಬಂದರೆ ಇದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬ ಭರವಸೆಯೂ ಈಗ ಕೇಳಿಬರುತ್ತದೆ. ಬೆಂಗಳೂರಿನ ಹೊಸ ಘಟಕಗಳಲ್ಲೂ ಅಪಾರ್ಟ್‌ಮೆಂಟುಗಳಲ್ಲೂ ಹೆಚ್ಚಾಗಿ ಹೇಳಿಕೊಳ್ಳುವ ಎಸ್‌ಬಿಆರ್ ವಿಧಾನ ಅಂಥದ್ದು. ಒಂದೇ ತೊಟ್ಟಿಗೆ ಕೊಳಚೆ ತುಂಬಿ, ಗಾಳಿ ಊದಿ, ನಿಲ್ಲಲು ಬಿಟ್ಟು, ತಿಳಿನೀರು ಬಗ್ಗಿಸಿ, ಕೆಸರನ್ನು ಉಳಿಸಿಕೊಂಡು ಮತ್ತೆ ತುಂಬುವುದು. ಇದು ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಬಾಟಲಿಯಲ್ಲಿ ಮಾಡಿದ್ದೇ. ಆಗ ಕವಾಟಗಳನ್ನು ಕೈಯಿಂದ ತೆರೆದು ಮುಚ್ಚುವುದು ತ್ರಾಸವಾದ್ದರಿಂದ ನಿರಂತರ ಹರಿವಿನ ತೊಟ್ಟಿಗಳು ಬಂದವು, 1970ರ ದಶಕದ ಬಳಿಕ ಸ್ವಯಂಚಾಲಿತ ನಿಯಂತ್ರಣ ಸಿಕ್ಕಿ ಹಳೆಯ ಕ್ರಮ ಮರಳಿತು. ಕಂಪ್ಯೂಟರ್ ಸೇರಿದೆ, ಕರೆಂಟಿನಲ್ಲೂ ಒಂದಿಷ್ಟು ಉಳಿತಾಯವಿದೆ. ಗಾಳಿ ತಪ್ಪಬಾರದೆಂಬ ಷರತ್ತು ಮಾತ್ರ ಹಾಗೇ ಇದೆ. ಆದ್ದರಿಂದ ಜಲಮಂಡಳಿಯನ್ನೂ ಅಪಾರ್ಟ್‌ಮೆಂಟಿನ ಸಂಘಗಳನ್ನೂ ಕೇಳಬೇಕಾದದ್ದು ಎಷ್ಟು ಕೋಟಿ ಲೀಟರಿನ ಘಟಕ ಕಟ್ಟಿದಿರಿ ಎಂದಷ್ಟೇ ಅಲ್ಲ. ಕಳೆದ ತಿಂಗಳು ಬ್ಲೋವರ್ ಎಷ್ಟು ಗಂಟೆ ಓಡಿತು, ತೊಟ್ಟಿಯಲ್ಲಿ ಆಮ್ಲಜನಕ ಎಷ್ಟಿತ್ತು, ಕೆಸರಿನ ತೊಟ್ಟಿಗೆ ಮನುಷ್ಯ ಇಳಿದನೇ ಎಂಬ ಮೂರು ಸಾಲುಗಳನ್ನು ಪ್ರತಿ ಘಟಕದ ಬಾಗಿಲಿನ ಮೇಲೆ ಬರೆದು ಹಾಕಿಸಬೇಕು. ಮೊದಲೆರಡು ಅಂಕಿಗಳು ಘಟಕದ ಮೀಟರುಗಳಲ್ಲೇ ಸಿಗುತ್ತವೆ. ಮೂರನೆಯದನ್ನು ಅಲ್ಲಿ ಕೆಲಸ ಮಾಡುವವರಿಂದಲೇ ಕೇಳಿ ಬರೆಯಬೇಕು.